ಎಣ್ಣೆ ಬಿದ್ದ ಭೂಮಿಯ ಸುಧಾರಣೆ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ಭಾಗದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಚಳ್ಳಕೆರೆ ಸೀಮೆಯಲ್ಲಿ ಎಣ್ಣೆ ಎಂದೊಡನೆ ನೆನಪಿಗೆ ಬರುವುದು ಶೇಂಗಾ ಎಣ್ಣೆ. ಪೇಟೆಯ ಎಣ್ಣೆ ಗಿರಣಿಗಳಿಂದಲೇ ಈ ಊರಿಗೆ ಎಣ್ಣೆಯ ಊರೆಂದು ಹೆಸರು ಬಂದಿದೆ. ಆದರೆ ಈ ದಿನ ನಾನು ಹೇಳಬೇಕೆಂದಿರುವುದು ನಾವು ಉಣ್ಣುವ ಎಣ್ಣೆಯ ವಿಷಯವಲ್ಲ, ಯಂತ್ರಗಳು ಉಣ್ಣುವ ಎಣ್ಣೆಯ ವಿಷಯ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಇವು ಭೂಮಿಗೆ ಬಿದ್ದರೆ ಏನಾಗುತ್ತದೆ, ಕೆಟ್ಟ ಭೂಮಿಯನ್ನು ಮತ್ತೆ ಸರಿಮಾಡಲು ಬರುತ್ತದೆಯೇ, ಅದಕ್ಕೆ ವಿದ್ಯುತ್ತನ್ನೂ ಸೂಕ್ಷ್ಮಜೀವಿಗಳನ್ನೂ ಬಳಸುತ್ತಾರೆಂಬ ಮಾತು ನಿಜವೇ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುತ್ತೇನೆ.

ಇದು ನಮಗೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ತೈಲದ ಬಾವಿಗಳಿಲ್ಲ, ಸಂಸ್ಕರಣದ ಕಾರ್ಖಾನೆಗಳೂ ಇಲ್ಲ, ನಿಜ. ಆದರೆ ನಿಮ್ಮ ನಿಮ್ಮ ಹೊಲಗಳನ್ನು ನೆನಪಿಗೆ ತಂದುಕೊಳ್ಳಿ. ಡೀಸೆಲ್ ಪಂಪು ಕೂರಿಸಿದ್ದ ಕಡೆ, ಟ್ರ್ಯಾಕ್ಟರಿನ ಆಯಿಲ್ ಬದಲಾಯಿಸುವ ಕಡೆ, ಬೋರ್ ಕೊರೆಯುವ ಲಾರಿ ಎರಡು ದಿನ ನಿಂತುಹೋದ ಕಡೆ ಒಂದಿಷ್ಟು ಮಣ್ಣು ಕಪ್ಪಾಗಿ, ಜಿಡ್ಡಾಗಿ, ಹುಲ್ಲು ಕೂಡ ಹುಟ್ಟದೆ ಬಿದ್ದಿರುತ್ತದೆ. ಟ್ರ್ಯಾಕ್ಟರಿನ ಎಂಜಿನಿನಿಂದ ಒಂದು ಸಲ ಆಯಿಲ್ ಇಳಿಸಿದರೆ ಆರೇಳು ಲೀಟರ್ ಬರುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಒಳ್ಳೆಯದಕ್ಕೆ ಮಾತ್ರವಲ್ಲ, ಕೆಟ್ಟದ್ದಕ್ಕೂ ಸಲ್ಲುತ್ತದೆ. ಇನ್ನು ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆಗಳ ಮೇಲೆ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ ತೈಲದ ಟ್ಯಾಂಕರುಗಳು ಓಡಾಡುತ್ತವೆ. ಒಂದು ಮಗುಚಿದರೆ ರಸ್ತೆಯ ಬದಿಯ ಹೊಲವೇ ತೈಲದ ಮಡುವಾದೀತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಯಂತ್ರ ಎಲ್ಲಿರುತ್ತದೆ? ಬಾವಿಯ ಪಕ್ಕದಲ್ಲಿ. ಅಂದರೆ ಎಣ್ಣೆ ಬೀಳುವ ಜಾಗವೂ ನಾವು ನೀರೆತ್ತುವ ಜಾಗವೂ ಒಂದೇ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಎರಡು ತಾಲ್ಲೂಕುಗಳಲ್ಲಿ ಒಂದು ಬಾವಿಯ ನೀರು ಕೆಟ್ಟಿತೆಂದರೆ ಅದಕ್ಕೆ ಬದಲು ಬಾವಿಯನ್ನು ಎಲ್ಲಿಂದ ತರುವುದು? ಆದ್ದರಿಂದ ಮೂಲೆಯಲ್ಲಿ ಬಿದ್ದಿರುವ ಆ ಹತ್ತಡಿ ಕಪ್ಪು ನೆಲವನ್ನು ಹತ್ತಡಿಯೆಂದು ಅಸಡ್ಡೆ ಮಾಡತಕ್ಕದ್ದಲ್ಲ.

ಎಣ್ಣೆ ಬಿದ್ದ ಮಣ್ಣಿಗೆ ಆಗುವುದೇನು? ಮೊದಲನೆಯದಾಗಿ, ಎಣ್ಣೆಯು ಮಣ್ಣಿನ ಕಣಗಳಿಗೆ ಸವರಿಕೊಂಡು ಕೂರುತ್ತದೆ. ಮಳೆ ಬಂದರೆ ನೀರು ಒಳಗೆ ಇಂಗದೆ ತಾವರೆ ಎಲೆಯ ಮೇಲಿನ ಹನಿಯಂತೆ ಉರುಳಿಹೋಗುತ್ತದೆ. ಎರಡನೆಯದಾಗಿ, ಮಣ್ಣಿನ ಸಂದುಗಳು ಕಟ್ಟಿಕೊಂಡು ಬೇರಿಗೆ ಗಾಳಿ ಸಿಗುವುದಿಲ್ಲ. ಮೂರನೆಯದಾಗಿ, ಬೆಳೆಗೆ ಸಾರಜನಕ ಸಾಲದೆ ಬರುತ್ತದೆ. ಇದು ಹೇಗೆಂದು ಹೇಳುತ್ತೇನೆ. ಕೊಳೆಯದ ಹಸಿ ಕಸವನ್ನು ಹೊಲಕ್ಕೆ ಹಾಕಿ ಉತ್ತರೆ ಪೈರು ಕೆಲವು ದಿನ ಹಳದಿಯಾಗುವುದನ್ನು ನೀವು ಕಂಡಿದ್ದೀರಿ. ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುವುದರಿಂದ ಹಾಗಾಗುತ್ತದೆ. ಎಣ್ಣೆ ಬಿದ್ದ ಕಡೆಯೂ ಇದೇ ಸಂಗತಿ ನಡೆಯುತ್ತದೆ, ಇನ್ನೂ ಜೋರಾಗಿ.

ಹಾಗಾದರೆ ಎಣ್ಣೆಯನ್ನು ತಿನ್ನುವ ಜೀವಿಗಳು ಮಣ್ಣಿನಲ್ಲಿ ಇವೆಯೇ? ಇವೆ. ಇದೇ ನಾನು ಈ ದಿನ ಹೇಳಬೇಕಾದ ಮುಖ್ಯ ಮಾತು. ಡೀಸೆಲ್ಲಾಗಲಿ ಸೀಮೆಎಣ್ಣೆಯಾಗಲಿ ಭೂಮಿಯೊಳಗಿನಿಂದಲೇ ಬಂದ ವಸ್ತು. ಬಹುಕಾಲದ ಹಿಂದೆ ಹೂತುಹೋದ ಸಣ್ಣ ಸಣ್ಣ ಜೀವಿಗಳು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹಾಗಾಗಿವೆ. ಅದರಲ್ಲಿ ಬಹುಪಾಲು ಇಂಗಾಲ ಮತ್ತು ಜಲಜನಕ. ಅದನ್ನು ಆಹಾರ ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯ, ಬೂಷ್ಟುಗಳು ಸಾಮಾನ್ಯ ಮಣ್ಣಿನಲ್ಲೂ ಕೊಂಚಮಟ್ಟಿಗೆ ಇರುತ್ತವೆ. ಎಣ್ಣೆ ಬಿದ್ದರೆ ಅವುಗಳ ಸಂಖ್ಯೆ ತಾನಾಗಿ ಏರುತ್ತದೆ. ಬೀಜೋಪಚಾರಕ್ಕೆ ನೀವು ತರುವ ಸ್ಯೂಡೋಮೊನಾಸ್ ಪುಡಿಯ ಹೆಸರು ನಿಮಗೆ ಹೊಸದಲ್ಲ. ಆ ಕುಲಕ್ಕೆ ಸೇರಿದ ಹಲವು ಬ್ಯಾಕ್ಟೀರಿಯಗಳು ಎಣ್ಣೆಯನ್ನು ತಿನ್ನುತ್ತವೆ. ಶೇಂಗಾ ಬೇರಿನ ಗಂಟಿನಲ್ಲಿ ರೈಜೋಬಿಯಂ ನಮಗಾಗಿ ದುಡಿಯುವಂತೆಯೇ ಇವೂ ದುಡಿಯುತ್ತವೆ. ಎಣ್ಣೆಯನ್ನು ತಿಂದು ಕೊನೆಗೆ ಇಂಗಾಲಾಮ್ಲ ವಾಯುವನ್ನೂ ನೀರನ್ನೂ ಬಿಡುತ್ತವೆ.

ಆದರೆ ಆಳಿಗೆ ಊಟ ಕೊಡದೆ ಕೆಲಸ ಹೇಳಿದರೆ ಆದೀತೆ? ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಮತ್ತು ರಂಜಕಗಳು ಇಲ್ಲವೆನ್ನುವಷ್ಟು ಕಡಿಮೆ. ಬರಿಯ ಮುದ್ದೆ ಇಟ್ಟು ಸಾರು ಬಡಿಸದಂತೆ. ಸುಮಾರು 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಇರಬೇಕೆಂಬುದು ಈ ಕೆಲಸದವರು ಇಟ್ಟುಕೊಂಡಿರುವ ಲೆಕ್ಕ. ಇದರ ಜೊತೆಗೆ ತೇವ ಬೇಕು, ಗಾಳಿ ಬೇಕು. 1989ರ ಮಾರ್ಚಿಯಲ್ಲಿ ಅಮೆರಿಕದ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. ಅಲ್ಲಿ ಮಾಡಿದ ಹಲವು ಉಪಾಯಗಳಲ್ಲಿ ಒಂದು, ಕಡಲ ದಂಡೆಗೆ ಗೊಬ್ಬರ ಹಾಕಿದ್ದು! ದಂಡೆಯಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಗಳಿಗೆ ಸಾರಜನಕ, ರಂಜಕ ಸಿಕ್ಕಿ ಅವು ಚುರುಕಾದವು. ನಮ್ಮ ದೇಶದಲ್ಲಿ ದೆಹಲಿಯ ಟೆರಿ ಸಂಸ್ಥೆಯವರು ಎಣ್ಣೆ ತಿನ್ನುವ ಕೆಲವು ಜಾತಿಯ ಬ್ಯಾಕ್ಟೀರಿಯಗಳನ್ನು ಆರಿಸಿ, ಬೆಳೆಸಿ, ಆಯಿಲ್‌ಜ್ಯಾಪರ್ ಎಂಬ ಹೆಸರಿನಲ್ಲಿ ಪುಡಿಯಾಗಿ ಮಾಡಿದ್ದಾರೆ. ತೈಲದ ಕ್ಷೇತ್ರಗಳಲ್ಲೂ ಸಂಸ್ಕರಣದ ಕಾರ್ಖಾನೆಗಳಲ್ಲೂ ಅದನ್ನು ಬಳಸಿದ್ದಾರೆ.

ಇನ್ನು ವಿದ್ಯುತ್ತಿನ ವಿಷಯಕ್ಕೆ ಬರೋಣ. ಸೂಕ್ಷ್ಮಜೀವಿಗಳಿಗೆ ನೀರು, ಗೊಬ್ಬರ ಬೇಕೆಂದೆ. ನಮ್ಮ ಕೆಂಪು ಮರಳುಮಿಶ್ರ ಭೂಮಿಯಲ್ಲಿ ಮೇಲೆ ಸುರಿದ ನೀರು ತಾನಾಗಿ ಇಳಿಯುತ್ತದೆ, ಅದರೊಡನೆ ಗೊಬ್ಬರವೂ ಇಳಿಯುತ್ತದೆ. ಎರೆಭೂಮಿಯಲ್ಲಿ ಹಾಗಲ್ಲ. ಎರೆಯ ಜೇಡಿ ಬಹು ಸಣ್ಣ ಕಣಗಳದ್ದು. ನೀರು ಕಂಡರೆ ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಎಂಟು ಹತ್ತು ಅಡಿ ಆಳದ ಜೇಡಿಯಲ್ಲಿ ಎಣ್ಣೆ ಸಿಕ್ಕಿಕೊಂಡಿದ್ದರೆ ಅಲ್ಲಿರುವ ಜೀವಿಗಳಿಗೆ ಊಟ ತಲುಪಿಸುವುದು ಹೇಗೆ? ಇಲ್ಲಿಯೇ ವಿದ್ಯುತ್ತು ಕೆಲಸಕ್ಕೆ ಬರುವುದು.

ನೆಲದಲ್ಲಿ ಎರಡು ಕಡೆ ಲೋಹದ ಇಲ್ಲವೆ ಇದ್ದಿಲು ಜಾತಿಯ ಸಲಾಕೆಗಳನ್ನು ಹೂಳುತ್ತಾರೆ. ಬ್ಯಾಟರಿಯಲ್ಲಿರುವಂತೆ ಒಂದು ಧನ, ಒಂದು ಋಣ. ಇವುಗಳ ನಡುವೆ ಏಕಮುಖ ವಿದ್ಯುತ್ತನ್ನು ಹರಿಸುತ್ತಾರೆ. ಸಲಾಕೆಗಳ ನಡುವಿನ ಒಂದೊಂದು ಸೆಂಟಿಮೀಟರ್ ದೂರಕ್ಕೆ ಒಂದು ವೋಲ್ಟಿನ ಆಸುಪಾಸು ಸಾಕು. ಜೇಡಿಯ ಕಣದ ಮೈಮೇಲೆ ಋಣ ವಿದ್ಯುತ್ತು ಇರುತ್ತದೆ. ಅದನ್ನು ಸುತ್ತಿಕೊಂಡಿರುವ ನೀರಿನಲ್ಲಿ ಧನ ವಿದ್ಯುತ್ತಿನ ಲವಣದ ಕಣಗಳಿರುತ್ತವೆ. ಪ್ರವಾಹ ಹರಿದಾಗ ಈ ಕಣಗಳು ಋಣ ಸಲಾಕೆಯ ಕಡೆಗೆ ಹೊರಡುತ್ತವೆ; ಹೊರಡುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಹೀಗೆ ಜೇಡಿಯಲ್ಲಿಯೂ ನೀರು ದಿನಕ್ಕೆ ಒಂದೆರಡು ಬೆರಳಗಲ ಸರಿಯುತ್ತದೆ. ನಮಗೆ ಇದು ಆಮೆಯ ನಡಿಗೆ, ಆದರೆ ಗಟ್ಟಿ ಜೇಡಿಯಲ್ಲಿ ನೀರು ತಾನಾಗಿ ಹರಿಯುವುದಕ್ಕಿಂತ ಎಷ್ಟೋ ಬೇಗ. ಗೊಬ್ಬರದ ಅಮೋನಿಯ ಋಣದ ಕಡೆಗೂ ನೈಟ್ರೇಟು ಧನದ ಕಡೆಗೂ ಸಾಗುತ್ತವೆ. ಬ್ಯಾಕ್ಟೀರಿಯಗಳು ಕೂಡ ಸ್ವಲ್ಪಮಟ್ಟಿಗೆ ಸ್ಥಳ ಬದಲಿಸುತ್ತವೆ. ಗಮನಿಸಿ, ವಿದ್ಯುತ್ತು ಎಣ್ಣೆಯನ್ನು ಸುಡುವುದೂ ಇಲ್ಲ, ಹೀರುವುದೂ ಇಲ್ಲ. ತಿನ್ನುವವರ ಬಳಿಗೆ ಊಟವನ್ನು ಹೊತ್ತುಹಾಕುವ ಗಾಡಿಯ ಕೆಲಸ ಮಾಡುತ್ತದೆ.

ಒಂದು ತೊಡಕೂ ಇದೆ. ಧನ ಸಲಾಕೆಯ ಸುತ್ತ ಮಣ್ಣು ಹುಳಿಯಾಗುತ್ತದೆ, ಋಣ ಸಲಾಕೆಯ ಸುತ್ತ ಚೌಳಾಗುತ್ತದೆ. ಎರಡೂ ಸೂಕ್ಷ್ಮಜೀವಿಗಳಿಗೆ ಆಗದು. ಆದ್ದರಿಂದ ಆಗಾಗ ಧನವನ್ನು ಋಣವಾಗಿಯೂ ಋಣವನ್ನು ಧನವಾಗಿಯೂ ತಿರುಗಿಸುತ್ತಾರೆ.

ಇದು ನಿನ್ನೆ ಮೊನ್ನೆಯ ವಿಚಾರವಲ್ಲ. ವಿದ್ಯುತ್ತು ಜೇಡಿಯಲ್ಲಿ ನೀರನ್ನು ಸರಿಸುತ್ತದೆಂಬುದನ್ನು ಮಾಸ್ಕೋ ನಗರದಲ್ಲಿದ್ದ ರಾಯ್ಸ್ ಎಂಬ ವಿದ್ವಾಂಸರು 1809ರಲ್ಲಿಯೇ ಪ್ರಕಟಿಸಿದರು. ಜರ್ಮನಿಯಲ್ಲಿ 1930ರ ದಶಕದಲ್ಲಿ ಕಾಸಾಗ್ರಾಂಡೆ ಎಂಬ ಎಂಜಿನಿಯರು ಕೆಸರು ಜೇಡಿಯಿಂದ ನೀರು ತೆಗೆದು ನೆಲವನ್ನು ಗಟ್ಟಿಮಾಡಲು ಈ ಉಪಾಯವನ್ನು ಬಳಸಿದರು. ನಾವು ಹೆಮ್ಮೆಪಡಬೇಕಾದ ಸಂಗತಿಯೆಂದರೆ, ಕೆಟ್ಟ ಸಾಗುವಳಿ ಭೂಮಿಯನ್ನು ವಿದ್ಯುತ್ತಿನಿಂದ ತಿದ್ದಬಹುದೇ ಎಂದು ಮೊದಮೊದಲು ನೋಡಿದವರಲ್ಲಿ ನಮ್ಮ ದೇಶದವರೂ ಇದ್ದಾರೆ. ಅಂದಿನ ಪಂಜಾಬಿನಲ್ಲಿ ಪುರಿ ಮತ್ತು ಆನಂದ್ ಎಂಬ ಇಬ್ಬರು ವಿಜ್ಞಾನಿಗಳು ಚೌಳು ಭೂಮಿಯ ಸೋಡಿಯಂ ಲವಣವನ್ನು ವಿದ್ಯುತ್ತಿನಿಂದ ತೆಗೆಯುವ ಪ್ರಯೋಗ ಮಾಡಿ 1936ರಲ್ಲಿ ವರದಿ ಪ್ರಕಟಿಸಿದರು. ಎಣ್ಣೆಯ ಕೆಲಸಕ್ಕೆ ವಿದ್ಯುತ್ತನ್ನೂ ಸೂಕ್ಷ್ಮಜೀವಿಗಳನ್ನೂ ಜೊತೆಗೂಡಿಸುವುದು ಆಮೇಲೆ ಬೆಳೆದ ವಿದ್ಯೆ. ಅದು ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲೂ ಸಣ್ಣ ಪ್ರಯೋಗದ ತಾಕುಗಳಲ್ಲೂ ನಡೆದಿದೆ. ಖರ್ಚು ಹೆಚ್ಚು, ತಿಳಿದವರು ಪಕ್ಕದಲ್ಲೇ ಇರಬೇಕು.

ಇಲ್ಲಿ ನಾನು ಕೈಮುಗಿದು ಒಂದು ಮಾತು ಹೇಳುತ್ತೇನೆ. ಇದನ್ನು ಕೇಳಿದ ಯಾರೂ ಮನೆಗೆ ಹೋಗಿ ಪಂಪ್‌ಸೆಟ್ಟಿನ ತಂತಿಯನ್ನು ನೆಲಕ್ಕೆ ಚುಚ್ಚಬಾರದು. ಪಂಪ್‌ಸೆಟ್ಟಿಗೆ ಬರುವುದು ಏಕಮುಖ ವಿದ್ಯುತ್ತಲ್ಲ, ಸೆಕೆಂಡಿಗೆ 50 ಸುತ್ತು ಹಿಂದಕ್ಕೂ ಮುಂದಕ್ಕೂ ತೂಗುವ ವಿದ್ಯುತ್ತು. ಅದರಿಂದ ನೀರು ಒಂದು ಕಡೆಗೆ ಸರಿಯುವುದಿಲ್ಲ. ಒದ್ದೆ ನೆಲದಲ್ಲಿ ಕಾಲಿಟ್ಟ ಮನುಷ್ಯನ, ದನದ ಪ್ರಾಣ ಹೋಗುತ್ತದೆ. ಸೂರ್ಯಶಕ್ತಿಯ ಪಂಪಿನ ಹಲಗೆಗಳಿಂದ ಏಕಮುಖ ವಿದ್ಯುತ್ತೇ ಬರುತ್ತದೆಂದು ತಿಳಿದವರು ಹೇಳಬಹುದು. ಹಲಗೆಗಳನ್ನು ಸಾಲಾಗಿ ಜೋಡಿಸಿದಾಗ ಅಲ್ಲಿ ನೂರಾರು ವೋಲ್ಟು ಇರುತ್ತದೆ, ಅದೂ ಪ್ರಾಣಾಂತಿಕ. ಆದ್ದರಿಂದ ಅದರ ಗೊಡವೆ ಬೇಡ.

ಹಾಗಾದರೆ ಇಷ್ಟೆಲ್ಲ ಹೇಳಿ ನಮಗಾದ ಲಾಭವೇನು? ವಿದ್ಯುತ್ತು ಮಾಡುವ ಕೆಲಸವನ್ನು ತಿಳಿದುಕೊಂಡರೆ, ಮೇಲಿನ ಒಂದಡಿ ಮಣ್ಣಿನಲ್ಲಿ ಅದೇ ಕೆಲಸವನ್ನು ಗುದ್ದಲಿಯಿಂದ ಮಾಡಬಹುದೆಂಬುದು ಹೊಳೆಯುತ್ತದೆ. ಜೀವಿಗಳ ಬಳಿಗೆ ನೀರು, ಗೊಬ್ಬರ, ಗಾಳಿ ತಲುಪಬೇಕು, ಅಷ್ಟೆ. ಹತ್ತಡಿ ಉದ್ದ, ಹತ್ತಡಿ ಅಗಲ, ಅರ್ಧ ಅಡಿ ಆಳದ ಎಣ್ಣೆಮಣ್ಣು ಇದೆಯೆಂದು ಇಟ್ಟುಕೊಳ್ಳಿ. ಅದು ಸುಮಾರು ಎರಡು ಟನ್ ಮಣ್ಣು. ಹೀಗೆ ಮಾಡಿ.

ಮೊದಲು, ಎಣ್ಣೆ ಸೋರುವುದನ್ನು ನಿಲ್ಲಿಸಿ. ಸೋರಿಕೆ ನಿಲ್ಲದೆ ಮಾಡಿದ ಶುದ್ಧಿ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಎರಡನೆಯದು, ಕಪ್ಪಾದ ಮಣ್ಣನ್ನು ಅಗೆದು, ಬಾವಿ, ಕೊಳವೆಬಾವಿ, ಹಳ್ಳ, ಮನೆಗಳಿಂದ ದೂರ, ದನಕರು ತುಳಿಯದ ಬಿಸಿಲಿನ ಜಾಗಕ್ಕೆ ಸಾಗಿಸಿ. ಗಟ್ಟಿ ಟಾರ್ಪಾಲಿನ ಮೇಲೆ ಅರ್ಧ ಅಡಿಗಿಂತ ದಪ್ಪವಾಗದಂತೆ ಹರಡಿ. ಸುತ್ತ ಬದು ಹಾಕಿ. ಕೈಗೆ ಚೀಲ ತೊಟ್ಟುಕೊಳ್ಳಿ. ಹತ್ತಿರದಲ್ಲಿ ಬೀಡಿ ಹಚ್ಚಬೇಡಿ.

ಮೂರನೆಯದು, ನಾಲ್ಕೈದು ಬುಟ್ಟಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಅದರಲ್ಲಿ ಸೂಕ್ಷ್ಮಜೀವಿಗಳೂ ಇವೆ, ಅವುಗಳ ಊಟವೂ ಇದೆ. ಎರೆಮಣ್ಣಾಗಿದ್ದರೆ ಎರಡು ಮೂರು ಬುಟ್ಟಿ ಶೇಂಗಾ ಸಿಪ್ಪೆಯನ್ನೂ ಸ್ವಲ್ಪ ಮರಳನ್ನೂ ಸೇರಿಸಿ. ಮಣ್ಣು ಸಡಿಲವಾಗಿ ಗಾಳಿಯಾಡುತ್ತದೆ.

ನಾಲ್ಕನೆಯದು, ಸಾರಜನಕ ಮತ್ತು ರಂಜಕ. ನಮ್ಮ ಶೇಂಗಾ ಹಿಂಡಿಯಲ್ಲಿ ನೂರಕ್ಕೆ 7ರಷ್ಟು ಸಾರಜನಕವಿದೆ. ಬೂಷ್ಟು ಹಿಡಿದು ದನಕ್ಕೆ ಹಾಕಲಾಗದ ಹಿಂಡಿಯಿದ್ದರೆ ಅದನ್ನೇ 10 ಕಿಲೋ ಪುಡಿಮಾಡಿ ಬೆರೆಸಿ. ಸೂಪರ್ ಫಾಸ್ಫೇಟ್ 2 ಕಿಲೋ ಹಾಕಿ. ಯೂರಿಯವನ್ನು ಒಂದೇ ಸಲ ಸುರಿಯಬೇಡಿ, ಹೆಚ್ಚಾದರೆ ಜೀವಿಗಳಿಗೇ ಕೇಡು. ಅರ್ಧ ಕಿಲೋದಂತೆ ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲ ನೀರಿನಲ್ಲಿ ಕರಗಿಸಿ ಚಿಮುಕಿಸಿ.

ಐದನೆಯದು, ತೇವ ಮತ್ತು ಗಾಳಿ. ಮಣ್ಣನ್ನು ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬಿತ್ತನೆಯ ಹದವೆಂದರೆ ನಿಮಗೆ ಬೇರೆ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಗುದ್ದಲಿಯಿಂದ ಮೇಲುಕೆಳಗು ಮಾಡಿ. ಜೋರು ಮಳೆ ಬರುವಾಗ ಮೇಲೆ ಹೊದಿಸಿ, ಎಣ್ಣೆನೀರು ಹೊರಗೆ ಹರಿಯದಿರಲಿ. ನಮ್ಮ ಬಿಸಿಲು ಬೆಳೆಗೆ ಶತ್ರುವಾದರೂ ಈ ಕೆಲಸಕ್ಕೆ ಮಿತ್ರ. ತೇವ ಆರದಂತೆ ನೋಡಿಕೊಂಡರೆ ಬೆಚ್ಚನೆಯ ಮಣ್ಣಿನಲ್ಲಿ ಜೀವಿಗಳು ಚುರುಕಾಗಿರುತ್ತವೆ.

ಎಷ್ಟು ದಿನ ಬೇಕು? ಡೀಸೆಲ್, ಸೀಮೆಎಣ್ಣೆಗಳಿಗೆ ಕೆಲವು ತಿಂಗಳು. ದಪ್ಪ ಎಣ್ಣೆಗೆ ಒಂದು ವರ್ಷವೋ ಇನ್ನೂ ಹೆಚ್ಚೋ ಹಿಡಿಯಬಹುದು. ಅವಸರ ಸಲ್ಲದು. ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಎರಡು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಒಳ್ಳೆಯ ಮಣ್ಣು, ಇನ್ನೊಂದಕ್ಕೆ ಈ ಮಣ್ಣು ತುಂಬಿ ಒಂದೊಂದರಲ್ಲಿ 20 ಹೆಸರುಕಾಳು ಹಾಕಿ ನೀರು ಕೊಡಿ. ಎರಡರಲ್ಲೂ ಸಮನಾಗಿ ಮೊಳೆತು ಸಮನಾಗಿ ಬೆಳೆದರೆ ಮಣ್ಣು ಗುಣವಾಗುತ್ತಿದೆಯೆಂದು ತಿಳಿಯಿರಿ. ಇದಕ್ಕೆ ಖರ್ಚಿಲ್ಲ, ಶಾಲೆಯ ಮಕ್ಕಳೂ ಮಾಡಬಹುದು.

ಆದರೆ ಮೊಳಕೆ ಬಂದಿತೆಂದು ಅಲ್ಲಿ ಕೂಡಲೇ ಸೊಪ್ಪು ತರಕಾರಿ ಬೆಳೆಯಬೇಡಿ. ಹಳೆಯ ಎಂಜಿನ್ ಆಯಿಲಿನಲ್ಲಿ ಸತು, ಸೀಸ ಮುಂತಾದ ಲೋಹಗಳು ಸೇರಿರುತ್ತವೆ. ಜೀವಿಗಳು ಎಣ್ಣೆಯನ್ನು ತಿನ್ನಬಲ್ಲವೇ ಹೊರತು ಲೋಹವನ್ನು ಇಲ್ಲವಾಗಿಸಲಾರವು. ಆಯಿಲಿನಿಂದ ಕೆಟ್ಟ ಮಣ್ಣನ್ನು ತಿನ್ನುವ ಬೆಳೆಗೂ ಮೇವಿಗೂ ಬಳಸುವ ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕಂಡರೆ ಪರೀಕ್ಷೆಗೆ ಎಲ್ಲಿ ಕಳುಹಿಸಬೇಕೆಂದು ವಿಚಾರಿಸಬಹುದು.

ಟ್ಯಾಂಕರು ಮಗುಚಿದಂಥ ದೊಡ್ಡ ಸಂಗತಿಯಾದರೆ ಇದಾವುದನ್ನೂ ನೀವು ಮಾಡಲು ಹೋಗಬಾರದು. ಬಿಂದಿಗೆ ಹಿಡಿದು ಡೀಸೆಲ್ ತುಂಬಿಕೊಳ್ಳಲು ಓಡಬಾರದು. ಒಂದು ಕಿಡಿ ಬಿದ್ದರೆ ಊರೇ ಸುಟ್ಟೀತು. ಜನರನ್ನು ದೂರ ಕಳಿಸಿ, 112ಕ್ಕೆ ಫೋನು ಮಾಡಿ, ಪಂಚಾಯಿತಿಗೂ ತಹಸೀಲ್ದಾರರಿಗೂ ತಿಳಿಸಿ. ನೆಲದ ಶುದ್ಧಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯವರ ಮೂಲಕ ಮಾಡಿಸಬೇಕೆಂದು ಬರೆದು ಕೊಡಿ. ಆಳದ ಜೇಡಿಗೆ ಎಣ್ಣೆ ಇಳಿದಿದ್ದರೆ ಸೂಕ್ಷ್ಮಜೀವಿ, ವಿದ್ಯುತ್ತುಗಳ ವಿಧಾನವಿದೆಯಲ್ಲ ಎಂದು ಕೇಳುವ ತಿಳಿವಳಿಕೆ ಈಗ ನಿಮಗಿದೆ. ಕೇಳಬಲ್ಲ ರೈತನಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಕೊನೆಯದಾಗಿ, ಕೆಟ್ಟದ್ದನ್ನು ತಿದ್ದುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಸುಲಭ. ಪಂಪಿನ ಕೆಳಗೆ ಒಂದು ತಗಡಿನ ತಟ್ಟೆ ಇಡಿ. ಇಳಿಸಿದ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿಡಿ. 2016ರ ನಿಯಮಗಳಂತೆ ಹಳೆಯ ಆಯಿಲು ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧಿಮಾಡಿ ಮತ್ತೆ ಬಳಸುವ ಪರವಾನಗಿ ಪಡೆದ ಘಟಕಗಳಿವೆ, ಸಂಗ್ರಹಿಸುವವರಿಗೆ ಕೊಡಿ. ಗೆದ್ದಲಿಗೆ ಔಷಧವೆಂದು ಬೇಲಿಯ ಕಂಬಕ್ಕೂ ಮರದ ಬುಡಕ್ಕೂ ಸುರಿಯುವ ರೂಢಿಯನ್ನು ಬಿಡಿ. ಒಂದೊಂದು ಊರಿನವರು ಸೇರಿ ಪಂಚಾಯಿತಿಯ ಬಳಿ ಒಂದು ಪೀಪಾಯಿ ಇಟ್ಟು ಎಲ್ಲರ ಹಳೆಯ ಆಯಿಲನ್ನೂ ಅಲ್ಲಿ ಕೂಡಿಸಿದರೆ ಇನ್ನೂ ಉತ್ತಮ. ಅದಕ್ಕೆ ಬೇಕಾದ ಓಡಾಟವನ್ನು ನಾನು ಮಾಡುತ್ತೇನೆ.

ಹಿರಿಯರೇ, ಮಣ್ಣಿನ ಗುಣವನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ನಾನು ಡಿಪ್ಲೊಮಾ ತರಗತಿಯಲ್ಲಿ ಕಲಿತದ್ದು ನಿಮ್ಮ ಅನುಭವದ ಜೊತೆ ಸೇರಿದರೆ ಮಾತ್ರ ಪ್ರಯೋಜನ. ಎಣ್ಣೆ ಬಿದ್ದ ಮಣ್ಣು ಸತ್ತ ಮಣ್ಣಲ್ಲ, ಹಸಿದ ಮಣ್ಣು. ಅದಕ್ಕೆ ಊಟ, ನೀರು, ಗಾಳಿ ಕೊಟ್ಟು ತಾಳ್ಮೆಯಿಂದ ಕಾಯೋಣ. ನಿಮ್ಮ ಹೊಲದಲ್ಲಿ ಅಂಥ ಜಾಗವಿದ್ದರೆ ಹೇಳಿ ಕಳುಹಿಸಿ, ಬಂದು ನೋಡುತ್ತೇನೆ. ಎರಡು ಕುಂಡ ಮತ್ತು ಒಂದು ಹಿಡಿ ಹೆಸರುಕಾಳು ಸಿದ್ಧವಾಗಿಟ್ಟಿರಿ.